ಬಿದ್ದ ರಾಕೆಟ್ಟಿಗೆ ಬುತ್ತಿ

ನಮ್ಮ ಸೋದರಮಾವ ಒಂದೇ ಒಂದು ರಾಕೆಟ್ಟನ್ನೂ ಕಣ್ಣಾರೆ ಕಂಡವರಲ್ಲ. ಆದರೆ ಜಗತ್ತಿನಲ್ಲಿ ಎಲ್ಲೇ ರಾಕೆಟ್ಟು ಬೀಳಲಿ, ಅದು ನೇರವಾಗಿ ನನ್ನ ತಲೆಯ ಮೇಲೆಯೇ ಬೀಳುವಂತೆ ನೋಡಿಕೊಂಡವರು ಅವರೇ! ಮೇಲೆ ಹೋದ ರಾಕೆಟ್ಟುಗಳ ಗೊಡವೆ ಅವರಿಗಿರಲಿಲ್ಲ. ಬಿದ್ದದ್ದು ಮಾತ್ರ ಅವರ ಇಲಾಖೆ.

ದೇವದುರ್ಗದಲ್ಲಿ ಅವರದೊಂದು ಲಾರಿ ಬುಕಿಂಗ್ ಆಫೀಸು. ನಾನು ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ದೇಶದ ರಾಕೆಟ್ಟೊಂದು ಹಾರಿದ ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿ ಸೇರಿತು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಮಾಮ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು ಬಿಜ್ಜರು ರೊಟ್ಟಿ ಪಲ್ಯ ಕಟ್ಟಿಕೊಂಡು ಬಂದು ದುಃಖದಲ್ಲಿದ್ದವರಿಗೆ ಒತ್ತಾಯದಿಂದ ಉಣಿಸುತ್ತಾರೆ. ಆ ಬುತ್ತಿ!

"ಯಾರು ಹೋದರು ಮಾಮಾ?" ಎಂದು ಕೇಳಿದೆ.

"ರೇಡಿಯೋ ಕೇಳಿಲ್ಲೇನು? ರಾಕೆಟ್ ಹೋತಪಾ."

"ಅದಕ್ಕ ನನಗ್ಯಾಕ ಬುತ್ತಿ?"

"ಮತ್ಯಾರಿಗೆ ತರ್ಲಿ? ನಮ್ಮ ಪೈಕಿ ಸೈನ್ಸ್ ಓದಿದಾಂವ ನೀ ಒಬ್ಬನ. ನಿಮ್ಮ ಮಂದೀದು ಬಿದ್ದದ. ಬಾಯಿ ಮುಕ್ಕಳಿಸ್ಕೋ, ಎರಡು ತುತ್ತು ತಿನ್ನು."

ನಾನು ಮಕ್ಕಳಿಗೆ ಬೆಳಕಿನ ವಕ್ರೀಭವನ ಕಲಿಸುವವನು, ರಾಕೆಟ್ಟಿಗೂ ನನಗೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಷ್ಟರಲ್ಲಿ ಮನೆ ಯಜಮಾನಿ ಖಾಲಾ ತಲೆಯ ಮೇಲೆ ಸೆರಗು ಹೊದ್ದು ಓಡಿ ಬಂದರು. "ಯಾ ಅಲ್ಲಾ! ಕೌನ್ ಗುಜರ್ ಗಯೇ ಮಾಸ್ಟರ್ ಸಾಬ್?" ತೀರಿಕೊಂಡವರು ಯಾರು ಎಂದು ಅವರ ಗಾಬರಿ. ವಿಷಯ ತಿಳಿದ ಮೇಲೆ ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬುತ್ತಿಯಲ್ಲಿದ್ದ ಪುಂಡಿಪಲ್ಯದ ರುಚಿ ನೋಡಿದರು. ಆಮೇಲಿನ ವರ್ಷಗಳಲ್ಲಿ ಖಾಲಾ ನನ್ನನ್ನು ಆಗಾಗ ಕೇಳುತ್ತಿದ್ದರು: "ಯಾಕ್ರೀ ಮಾಸ್ಟರ್, ಬಾಳ ದಿನ ಆತು, ಎಲ್ಲೂ ಏನೂ ಬಿದ್ದಿಲ್ಲೇನು?"

ಇದು ಒಂದು ಸಲದ ಹುಚ್ಚು ಎಂದುಕೊಂಡಿದ್ದೆ. ಎಂಬತ್ತರ ದಶಕ ಬಂತು. ಹೊರದೇಶದವರು ಹಣ ಪಡೆದು ಪರರ ಉಪಗ್ರಹಗಳನ್ನು ಮೇಲೇರಿಸಿಕೊಡುವ ದಂಧೆ ಶುರುಮಾಡಿದರು. ಈ ಸುದ್ದಿಯನ್ನು ಮಾಮನಿಗೆ ಹೇಳಿದ್ದು ನಾನೇ! ಲಾರಿ ಬುಕಿಂಗಿನ ಮನುಷ್ಯನ ಮುಂದೆ ಬಾಡಿಗೆಯ ಮಾತು ಎತ್ತಬಹುದೇ?

"ಕ್ವಿಂಟಲಿಗೆ ಏನು ರೇಟು?" ಎಂದರು ತಕ್ಷಣ.

"ಕ್ವಿಂಟಲ್ ಲೆಕ್ಕ ಇಲ್ಲ ಮಾಮಾ. ಕೋಟಿಗಟ್ಟಲೆ ಆಗ್ತದ."

"ಆಗಲಿ. ಬರ್ತಾ ಏನು ಹೇರಿಕೊಂಡು ಬರ್ತದ?"

"ಏನೂ ಇಲ್ಲ."

"ಖಾಲಿ ಬರ್ತದ?"

"ಬರೂದ ಇಲ್ಲ. ಗಾಡಿನೂ ಸುಟ್ಟು ಹೋಗ್ತದ."

ಮಾಮ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ದೇವದುರ್ಗದಿಂದ ಶೇಂಗಾ ಹೊತ್ತು ಹೋದ ಲಾರಿ ವಾಪಸು ಬರುವಾಗ ನಾಲ್ಕು ಚೀಲ ಉಪ್ಪಾದರೂ ಹೇರಿಕೊಂಡು ಬರದಿದ್ದರೆ ಎರಡು ದಿನ ಊಟ ಬಿಡುತ್ತಿದ್ದ ಮನುಷ್ಯ ಅವರು. "ಒಂದು ಟ್ರಿಪ್ಪಿಗೆ ಒಂದು ಗಾಡಿ! ನಡುವ ಬಿದ್ದರ ಗಾಡಿನೂ ಹೋತು, ಮಾಲೂ ಹೋತು. ಆ ಮಾಲಕನ ಹೆಂಡ್ತಿ ಮಕ್ಕಳ ಗತಿ ಏನಲೇ?" ಈಗ ಯಾರೋ ಶ್ರೀಮಂತರು ಮರಳಿ ಬರುವ ರಾಕೆಟ್ಟು ಮಾಡಿದ್ದಾರೆಂದು ಪತ್ರಿಕೆಗಳು ಕ್ರಾಂತಿ, ಕ್ರಾಂತಿ ಎಂದು ಕೂಗುವಾಗ ನನಗೆ ಸಿಟ್ಟು ಬರುತ್ತದೆ. ದೇವದುರ್ಗದಲ್ಲಿ ಇದು ಎಂದೋ ಗೊತ್ತಿತ್ತು!

ಅಂದಿನಿಂದ ಪರದೇಶದ ಬಾಡಿಗೆ ರಾಕೆಟ್ಟುಗಳಿಗೂ ಬುತ್ತಿ ಶುರುವಾಯಿತು. ಎಷ್ಟು ಸಲ ಬಂದರು? ಏಳು ಎಂದು ನನ್ನ ನೆನಪು. ನೆನಪನ್ನು ಪುರಾವೆಯೆಂದು ಒಪ್ಪಬಾರದು ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆದ್ದರಿಂದ ನಾಲ್ಕು ಎಂದು ಓದಿಕೊಂಡರೂ ಅಡ್ಡಿಯಿಲ್ಲ. ಅಮೆರಿಕದ ಬಾಹ್ಯಾಕಾಶ ವಾಹನವೊಂದು ಜನರಿದ್ದಂತೆಯೇ ಸಿಡಿದ ಸುದ್ದಿ ಬಂದಾಗ ಮಾತ್ರ ನಾನು ಜಗಳಾಡಲಿಲ್ಲ. ಇಬ್ಬರೂ ಜೊತೆಗೆ ಕುಳಿತು ಉಂಡೆವು.

ಆದರೆ ಯರಗೇರಾದವರ ವಿಷಯವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನಗೆ ಮೂವತ್ತು ದಾಟಿತ್ತು. ಸಂಬಂಧ ಕೂಡಿಬರದೆ ಅವ್ವ ಸೊರಗಿದ್ದಳು. ಯರಗೇರಾದ ಹಿರಿಯರು ನಾಲ್ವರು ವರನನ್ನು ನೋಡಲೆಂದು ನನ್ನ ಕೋಣೆಗೆ ಬಂದರು. ಬಂದು ಕಂಡದ್ದೇನು? ನನ್ನ ಬೆನ್ನಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಬಾಯಿಗೆ ತುತ್ತು ಹಿಡಿದ ಮಾಮ. "ತಿನ್ನಪಾ, ಹೋದದ್ದು ತಿರುಗಿ ಬರ್ತದೇನು?" ಪಕ್ಕದಲ್ಲಿ ಸೆರಗು ಹೊದ್ದ ಖಾಲಾ. ಹಿರಿಯರು ಚಪ್ಪಲಿ ಕಳಚಿ, ಐದು ನಿಮಿಷ ತಲೆತಗ್ಗಿಸಿ ಮೌನವಾಗಿ ಕುಳಿತರು. "ಹನ್ನೊಂದು ದಿನ ಮುಗೀಲಿ, ಮಾತಾಡೂಣು" ಎಂದು ಎದ್ದು ಹೋದರು. ಹನ್ನೆರಡನೆಯ ದಿನ ಆ ಹುಡುಗಿಯ ನಿಶ್ಚಯ ಬೇರೆ ಕಡೆ ಆಯಿತು. ಅವತ್ತು ಬಿದ್ದದ್ದು ಯುರೋಪಿನವರ ರಾಕೆಟ್ಟು. ನನ್ನದಿರಲಿ, ನಮ್ಮ ದೇಶದ್ದೂ ಅಲ್ಲ!

ಆಮೇಲೆ ಉಳಿದದ್ದು ಮಾನ್ವಿಯ ಸಂಬಂಧವೊಂದೇ. ಅಲ್ಲಿನ ಅಕ್ಕಿ ಗಿರಣಿ ಮಾಲೀಕರ ಮಗಳು. ಇದೂ ಮುರಿದರೆ ಮುಂದೆ ಹೆಣ್ಣು ಹುಡುಕುವುದಿಲ್ಲ ಎಂದು ಅವ್ವ ಹೇಳಿಬಿಟ್ಟಿದ್ದಳು. "ಮಾಮನ್ನ ಬಿಟ್ಟು ಹೋಗೂಣು ಯವ್ವಾ" ಎಂದು ಬೇಡಿಕೊಂಡೆ. "ನಮ್ಮಣ್ಣನ್ನ ಬಿಟ್ಟು ಹೆಣ್ಣು ನೋಡಾಕ ಹೋಗೂದೇನು? ನಿನಗ ಬುದ್ಧಿ ಅದನೋ ಇಲ್ಲೋ?" ಎಂದಳು.

ಪಂಚಾಂಗವನ್ನು ನಂಬದ ನಾನು ಆ ಸಲ ಮುಹೂರ್ತ ನೋಡಿದೆ. ಹೇಗೆ ಎನ್ನುತ್ತೀರಾ? ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಪತ್ರಿಕೆಗಳನ್ನೆಲ್ಲ ತಿರುವಿ, ಯಾವ ದೇಶವೂ ಯಾವ ರಾಕೆಟ್ಟನ್ನೂ ಹಾರಿಸದ ವಾರವೊಂದನ್ನು ಹುಡುಕಿದೆ! ಯಾವ ಜೋಯಿಸನೂ ಇಷ್ಟು ಕಷ್ಟಪಟ್ಟಿರಲಾರ. ಆದರೆ ಉಡಾವಣೆಗಳು ಮುಂದಕ್ಕೆ ಹೋಗುತ್ತವೆ ಎನ್ನುವುದನ್ನು ಸೈನ್ಸ್ ಓದಿದ ನಾನು ಮರೆತಿದ್ದೆ. ನಮ್ಮ ದೇಶದ್ದೇ ಹೊಸ ರಾಕೆಟ್ಟು, ತಡವಾಗಿ ತಡವಾಗಿ, ನಾವು ಮಾನ್ವಿಗೆ ಹೋಗುವ ಹಿಂದಿನ ದಿನ ಹಾರಿತು. ಹಾರಿ ಸಮುದ್ರಕ್ಕೆ ಬಿತ್ತು. ಅವ್ವನನ್ನು ಕರೆತರಲು ನಮ್ಮೂರು ಅರಕೇರಾಕ್ಕೆ ಹೋಗಿದ್ದ ನನಗೆ ಸುದ್ದಿಯೇ ತಿಳಿಯಲಿಲ್ಲ.

ಮಾಮ ನೇರವಾಗಿ ದೇವದುರ್ಗದಿಂದ ಮಾನ್ವಿಗೆ ಬರುವವರಿದ್ದರು. ನಾವು ಆಗಲೇ ಗಿರಣಿ ಮಾಲೀಕರ ಪಡಸಾಲೆಯಲ್ಲಿ ಕುಳಿತು ಉಪ್ಪಿಟ್ಟು ಮುಗಿಸಿದ್ದೆವು. "ಹುಡುಗಿ ಬಿ.ಎಸ್ಸಿ. ಓದ್ಯಾಳ್ರೀ" ಎಂದು ಅವಳ ಅಪ್ಪ ಮೂರನೆಯ ಸಲ ಹೇಳುತ್ತಿದ್ದರು. ಹುಡುಗಿ ನೆಲ ನೋಡುತ್ತಿದ್ದಳು. ಆಗ ಬಾಗಿಲಲ್ಲಿ ವಿಭೂತಿ ಕಂಡಿತು. ಬಿಳಿ ಬಟ್ಟೆಯ ಗಂಟೂ ಕಂಡಿತು!

"ಅಳಿಯಾ, ಹೋತಪಾ! ನಿಮ್ಮದು ಮತ್ತ ಹೋತು!"

"ಅಯ್ಯ ಶಿವನ, ಯಾರ್ರೀ?" ಹುಡುಗಿಯ ತಾಯಿ ಎದೆ ಹಿಡಿದುಕೊಂಡರು. ಅವ್ವ ಹಣೆ ಚಚ್ಚಿಕೊಂಡಳು. ಮಾಮ ನನ್ನ ಮುಂದೆ ಕುಳಿತು ಗಂಟು ಬಿಚ್ಚತೊಡಗಿದರು. ನಾನು ಕಣ್ಣು ಮುಚ್ಚಿದೆ. ಮಾನ್ವಿಯೂ ಮುಗಿಯಿತು.

ಸಂಗತಿ ತಿಳಿದ ಗಿರಣಿ ಮಾಲೀಕರ ಮುಖ ಕೆಂಪಾಯಿತು. "ಶುಭಕಾರ್ಯಕ್ಕ ಬಂದು ಸತ್ತ ಮನಿ ಬುತ್ತಿ ಬಿಚ್ಚತೀರೇನ್ರೀ ಹಿರ್ಯಾರ?"

"ಸತ್ತಿಲ್ರೀ ಸಾಹುಕಾರ್ರ, ಬಿದ್ದದ. ಸತ್ತವರಿಗೆ ಹಸಿವಿ ಇರಂಗಿಲ್ಲ. ಬಿದ್ದವರಿಗೆ ಇರ್ತದ."

ಆಗ ಹುಡುಗಿ ತಲೆ ಎತ್ತಿದಳು. "ಅದನ್ನ ಮಾಡಿದವರಿಗೆ ಯಾರೂ ಬೈಯೂದಿಲ್ಲೇನ್ರೀ?"

"ಬೈಯೂದಿಲ್ಲೇನವ್ವಾ? ಪೇಪರಿನ್ಯಾಗ ಬೈತಾರ, ಚಾದಂಗಡ್ಯಾಗ ಬೈತಾರ. ಇಷ್ಟು ರೊಕ್ಕ ನೀರಾಗ ಹಾಕಿದ್ರಿ ಅಂತಾರ. ಎಷ್ಟು ವರ್ಷ ನಿದ್ದಿಗೆಟ್ಟು ಮಾಡಿದ್ರು ಅಂತ ಯಾರೂ ಕೇಳಂಗಿಲ್ಲ. ಪಾಪ, ಇವತ್ತು ಅವರಿಗೆ ಅನ್ನ ಇಳೀತದೇನು? ಅವರಿರೂದು ದೂರ. ನನ್ನ ಕೈಗೆ ಸಿಗಾಂವ ಇವನೊಬ್ಬನ."

ಇಷ್ಟು ವರ್ಷಗಳಲ್ಲಿ ಇದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳೋಣವೆಂದರೆ ಬಾಯಿಯಲ್ಲಿ ತುತ್ತು ಇರುತ್ತಿತ್ತು, ತಲೆಯಲ್ಲಿ ಸಿಟ್ಟು ಇರುತ್ತಿತ್ತು.

"ನಾ ಬಿ.ಎಸ್ಸಿ. ಫೇಲಾಗೀನ್ರೀ" ಎಂದಳು ಹುಡುಗಿ. "ಎರಡು ಸಲ."

"ಏ, ಸುಮ್ಕಿರು!" ಎಂದರು ಅಪ್ಪ.

"ಎಂಟು ದಿನ ಈ ಮನ್ಯಾಗ ಯಾರೂ ನನ್ನ ಕೂಡ ಮಾತಾಡಲಿಲ್ರೀ. ಉಂಡೇನು ಅಂತನೂ ಕೇಳಲಿಲ್ಲ."

ಮಾಮ ನನ್ನ ಮುಂದಿದ್ದ ಬುತ್ತಿಯನ್ನು ಎತ್ತಿ, ನನ್ನ ಮುಖವನ್ನೂ ನೋಡದೆ, ಹೋಗಿ ಅವಳ ಮುಂದಿಟ್ಟರು. ರೊಟ್ಟಿ ಮುರಿದು ಶೇಂಗಾ ಹಿಂಡಿ ಚಟ್ನಿ ಹಚ್ಚಿದರು. "ಕುಂದ್ರವ್ವಾ. ಎರಡು ತುತ್ತು ತಿನ್ನು."

ಅವಳು ಕುಳಿತಳು. ತಿಂದಳು.

ಎಂಟು ದಿನವಲ್ಲ, ನಾಲ್ಕು ದಿನ ಎಂದು ನನ್ನ ಹೆಂಡತಿ ಈಗ ತಕರಾರು ಮಾಡುತ್ತಾಳೆ. ಹಿಂಡಿಯಲ್ಲ, ಪುಂಡಿಪಲ್ಯ ಎನ್ನುತ್ತಾಳೆ. ಇರಬಹುದು, ಉಂಡವಳು ಅವಳು. ಆದರೆ ಒಂದನ್ನು ಮಾತ್ರ ಅವಳು ನೋಡಲಿಲ್ಲ, ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ನಾನು ನೋಡಿದೆ. ಅವಳ ಅಪ್ಪ ಮೆಲ್ಲಗೆ ಎದ್ದು ಒಳಗೆ ಹೋಗಿ, ತಾವೇ ತಂಬಿಗೆಯಲ್ಲಿ ನೀರು ತಂದು ಮಗಳ ಪಕ್ಕಕ್ಕೆ ಇಟ್ಟರು.

"ನೀರು ಕುಡಿಯವ್ವಾ" ಎಂದರು. "ಗಂಟಲಿಗೆ ಹತ್ತೀತು."