ಗಿಡ್ಡಣ್ಣನ ಅಳತೆಯ ಕೋಲು

ವಿಮಾ ಕಚೇರಿಯ ಗುಮಾಸ್ತ ಗಿಡ್ಡಣ್ಣನಿಗೆ ಗಾಲ್ಫ್ ಕೋಲುಗಳು ಬಂದದ್ದು ಹೆಂಡತಿಯ ಅಣ್ಣನಿಂದ. ಆ ಮಹಾರಾಯ ಎಲ್ಲ ಬಾಗಿಲಿಗೂ ತಲೆ ತಗ್ಗಿಸಬೇಕಾದಷ್ಟು ಎತ್ತರ. ಗಿಡ್ಡಣ್ಣನೋ ಅಡ್ಡಹೆಸರಿಗೆ ತಕ್ಕವನು. ಆ ಕೋಲು ಹಿಡಿದು ನಿಂತರೆ ದೋಣಿಯಿಲ್ಲದೆ ಹುಟ್ಟು ಹಾಕುವವನಂತೆ ಕಾಣುತ್ತಿದ್ದ. ಕಚೇರಿಯ ವಾರ್ಷಿಕ ಪಂದ್ಯದಲ್ಲಿ ಕಡೆಯ ಸ್ಥಾನ ಅವನಿಗೇ ಮೀಸಲು.

ಈ ಸಲದ ಪಂದ್ಯದ ಬೆಳಗ್ಗೆ ಅವನು ಹಿತ್ತಲಲ್ಲಿ ಅಭ್ಯಾಸಕ್ಕಿಳಿದ. ಪಕ್ಕದ ಮನೆಯ ಮೇಷ್ಟ್ರು ಬೇಲಿಯ ಮೇಲಿಂದ ಇಣುಕಿ, "ಇನ್ನೂ ಸ್ವಲ್ಪ ಬಗ್ಗಿ," ಎಂದರು.

"ಬಗ್ಗಬೇಡ್ರೀ! ಸೊಂಟ ಹಿಡ್ಕೊಂಡ್ರೆ ಎಣ್ಣೆ ತಿಕ್ಕೋಳು ನಾನು," ಎಂದು ಹೆಂಡತಿ ಕಿಟಕಿಯಿಂದ ಕೂಗಿದಳು.

ಇಬ್ಬರ ಮಾತನ್ನೂ ಪಾಲಿಸಲು ಹೋಗಿ ಗಿಡ್ಡಣ್ಣ ನೆಲಕ್ಕೇ ಬಡಿದ. ಮೇಷ್ಟ್ರ ಕನ್ನಡಕದ ತುಂಬ ಮಣ್ಣು.

"ಮೊದಲು ಅಂಗಡಿಗೆ ಹೋಗಿ ಅಳತೆ ಕೊಡಿ ಮಾರಾಯ್ರೇ," ಎಂದರು ಮೇಷ್ಟ್ರು, ಕಣ್ಣುಜ್ಜಿಕೊಳ್ಳುತ್ತ.

ಅಂಗಡಿಯವನು ದರ್ಜಿಯಂತೆ ಟೇಪು ಹಿಡಿದು ಎತ್ತರ ಅಳೆದ, ಮಣಿಕಟ್ಟಿನಿಂದ ನೆಲದವರೆಗೆ ಅಳೆದ, ಅಂಗೈಯನ್ನೂ ಬಿಡಲಿಲ್ಲ. "ಅಪ್ಪನ ಚಪ್ಪಲಿ ಹಾಕ್ಕೊಂಡು ಓಟಕ್ಕೆ ನಿಂತಂಗಾಗಿದೆ ಸಾರ್ ನಿಮ್ಮ ಕತೆ," ಎಂದು ನಕ್ಕು, ಒಂದು ಹೊಸ ಸೆಟ್ಟಿನ ಹಿಡಿಗಳನ್ನು ಕತ್ತರಿಸಿ ಕೊಟ್ಟ.

ಮೈದಾನದಲ್ಲಿ ಮೊದಲ ಹೊಡೆತವೇ ಎಡವಟ್ಟಾಯಿತು. ಉದ್ದದ ಕೋಲು ಚೆಂಡನ್ನು ಸದಾ ಎಡಕ್ಕೆಳೆಯುತ್ತಿದ್ದುದರಿಂದ ಬಲಕ್ಕೆ ಗುರಿಯಿಡುವುದು ಗಿಡ್ಡಣ್ಣನಿಗೆ ರೂಢಿ. ಹೊಸ ಕೋಲು ಗುರಿಯಿಟ್ಟಲ್ಲಿಗೇ ಚೆಂಡನ್ನು ಕಳಿಸಿತು. ಅಲ್ಲಿ ಕ್ಯಾಷಿಯರ್ ಚಹಾ ಕುಡಿಯುತ್ತಿದ್ದ.

"ನಾನೇನಪ್ಪಾ ಅನ್ಯಾಯ ಮಾಡಿದ್ದೆ ನಿಂಗೆ?" ಎಂದು ಅವನು ಒದ್ದೆ ಅಂಗಿ ಹಿಂಡಿಕೊಂಡ.

ಆಮೇಲೆ ಗಿಡ್ಡಣ್ಣ ನೇರಕ್ಕೇ ಗುರಿಯಿಟ್ಟ. ಚೆಂಡು ಸಾಕಿದ ನಾಯಿಯ ಹಾಗೆ ಹೇಳಿದ ಮಾತು ಕೇಳತೊಡಗಿತು. ಕಡೆಯ ಕುಳಿಗೆ ಬರುವಷ್ಟರಲ್ಲಿ ಅವನೂ ಮ್ಯಾನೇಜರೂ ಸಮಸಮ! ಪ್ರತಿ ವರ್ಷ ಗೆಲ್ಲುತ್ತಿದ್ದವರು ಮ್ಯಾನೇಜರೇ.

ಟೈಪಿಸ್ಟ್ ಅವನ ಕಿವಿಯಲ್ಲಿ, "ಬುದ್ಧಿ ಇದ್ರೆ ಸೋತುಬಿಡಿ. ಪ್ರಮೋಷನ್ ಬೇಡ್ವಾ?" ಎಂದಳು.

ಬೇಕಿತ್ತು. ಆದರೆ ಹುಟ್ಟಿದಂದಿನಿಂದ ಮೊದಲ ಸಲ ಕೈಗಳು ಮಾತು ಕೇಳುತ್ತಿರುವಾಗ ಸೋಲಲು ಯಾರಿಗೆ ಮನಸ್ಸು ಬರುತ್ತದೆ? ಗಿಡ್ಡಣ್ಣ ಮೆಲ್ಲಗೆ ತಳ್ಳಿದ. ಚೆಂಡು ಉರುಳುತ್ತ ಹೋಗಿ ಕುಳಿಯೊಳಗೆ ಬಿತ್ತು. ಮ್ಯಾನೇಜರಿಗಿಂತ ಒಂದು ಹೊಡೆತ ಕಡಿಮೆ!

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮ್ಯಾನೇಜರು ಬಿರಬಿರನೆ ಬಂದರು. ಗಿಡ್ಡಣ್ಣ ಕಣ್ಣು ಮುಚ್ಚಿಕೊಂಡ. ಅವರು ಅವನನ್ನು ಬಾಚಿ ತಬ್ಬಿಕೊಂಡರು!

"ಬದುಕಿಸಿದ್ರಿ ಕಣ್ರೀ! ನಮ್ಮ ಪಂದ್ಯ ಗೆದ್ದೋರೇ ವರ್ಷವಿಡೀ ಭಾನುವಾರ ಡೈರೆಕ್ಟರ ಜೊತೆ ಆಡ್ಬೇಕು. ಎಲ್ರೂ ಹೆದರಿ ನನ್ನನ್ನೇ ಗೆಲ್ಲಿಸ್ತಿದ್ರು, ಇಷ್ಟು ವರ್ಷ ನಾನು ಸಾಯ್ತಿದ್ದೆ. ಇನ್ಮೇಲೆ ನೀವು."

"ಅದು... ಒಳ್ಳೇದೇ ಅಲ್ವಾ ಸಾರ್?"

"ಏನು ಒಳ್ಳೇದು? ಅವರಿಗೆ ಆಟ ಒಂದಿಷ್ಟೂ ಬರಲ್ಲ. ಆದ್ರೂ ಪ್ರತಿಸಲ ಅವರೇ ಗೆಲ್ಬೇಕು. ನೀವು ಬೇಕೂಂತ ಸೋತ್ರಿ ಅಂತ ಗೊತ್ತಾಯ್ತೋ, ಪ್ರಮೋಷನ್ ಹೋಗ್ಲಿ, ಇರೋ ಕುರ್ಚೀನೂ ಉಳಿಯಲ್ಲ!"

ಆ ಸಂಜೆ ಗಿಡ್ಡಣ್ಣ ಹಿತ್ತಲಲ್ಲಿ ನಿಂತು, ಸಹಜವೆನಿಸುವ ಹಾಗೆ ಚೆಂಡನ್ನು ಪೊದೆಗೆ ಹೊಡೆಯುವ ಅಭ್ಯಾಸ ಮಾಡಿದ. ಸೊಟ್ಟಗೆ ನಿಂತ, ಒಂದು ಕಣ್ಣು ಮುಚ್ಚಿದ, ಕಡೆಗೆ ಆಕಾಶ ನೋಡುತ್ತ ಬೀಸಿದ.

ಹಾಳು ಚೆಂಡು ನೇರವಾಗಿಯೇ ಹೋಯಿತು.