ಕ್ರಾನ್‌ಬರ್ನ್ ಮನೆಯ ಹಾರ ಹಾಕಿದ ಫೋಟೋ

ಈ ಬೇಸಿಗೆ ರಜೆಯಲ್ಲಿ ನನ್ನ ಮಗಳ ದೆವ್ವದ ಭಯವನ್ನು ಬೇರುಸಹಿತ ಕಿತ್ತೆಸೆಯುತ್ತೇನೆ ಎಂದು ಸಿಡ್ನಿ ಹೊರವಲಯದ ಲಿವರ್‌ಪೂಲಿನ ನಮ್ಮ ಅಡುಗೆಮನೆಯಲ್ಲಿ ನಿಂತು, ಕೈಯಲ್ಲಿ ಸೌಟು ಹಿಡಿದು, ನಾನು ಘೋಷಿಸಿದೆ!

ಕಾರಣವಿತ್ತು. ಎಂಟು ವರ್ಷದ ಪ್ರಣತಿ ಒಂದು ದಿನವೂ ತನ್ನ ರೂಮಿನಲ್ಲಿ ಮಲಗಿದವಳಲ್ಲ. ನಮ್ಮಿಬ್ಬರ ನಡುವೆ ಮಲಗಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಾಳೆ. ಬೆಳಗಾಗುವಷ್ಟರಲ್ಲಿ ನಾನು ಸೋಫಾದ ಮೇಲಿರುತ್ತೇನೆ. ಎರಡು ವರ್ಷದಿಂದ ನನ್ನ ಬೆನ್ನಿಗೆ ನನ್ನ ಹಾಸಿಗೆಯ ಪರಿಚಯವೇ ತಪ್ಪಿಹೋಗಿತ್ತು.

"ದೆವ್ವ ಅಂತ ಏನೂ ಇಲ್ಲ ಪುಟ್ಟಾ. ಪ್ರತಿಯೊಂದಕ್ಕೂ ಒಂದು ರೂಟ್ ಕಾಸ್, ಮೂಲ ಕಾರಣ, ಇರುತ್ತೆ" ಎಂದೆ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್‌ನ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಮನೆಯಲ್ಲಿ ಅದೇ ಉದ್ಯೋಗ ನನ್ನ ಹೆಂಡತಿ ಸಂಯುಕ್ತಾಳದು.

"ಸೋ ಅಪ್ಪಾ, ಯು ಆರ್ ನೆವರ್ ಸ್ಕೇರ್ಡ್?"

"ನಾನಾ! ಹೆದರೋದಾ!"

"ಲೆಟ್ಸ್ ಬೆಟ್ ದೆನ್."

ಷರತ್ತು ಸರಳ. ಮರುದಿನ ಹೊರಡಲಿದ್ದ ಮೆಲ್ಬರ್ನ್ ಪ್ರವಾಸ ಮುಗಿಯುವುದರೊಳಗೆ ನಮ್ಮಿಬ್ಬರಲ್ಲಿ ಯಾರು ಮೊದಲು ಹೆದರಿ ಕಿರುಚುತ್ತಾರೋ ಅವರು ಮುಂದಿನ ವರ್ಷವಿಡೀ ಪ್ರಣತಿಯ ಆ ಚಿಕ್ಕ ರೂಮಿನಲ್ಲಿ, ಒಬ್ಬರೇ, ಯೂನಿಕಾರ್ನ್ ಹೊದಿಕೆ ಹೊದ್ದು ಮಲಗಬೇಕು.

"ರೀ, ಜಿರಳೆ ಕಂಡ್ರೆ ಸೋಫಾ ಹತ್ತೋರು ನೀವು. ಸ್ವಲ್ಪ ಯೋಚನೆ ಮಾಡಿ" ಎಂದಳು ಸಂಯುಕ್ತಾ.

"ಅದು ಭಯ ಅಲ್ಲ ಕಣೇ, ಹೈಜೀನ್!"

ಹೊರಟೆವು. ಹತ್ತು ಗಂಟೆಯ ಡ್ರೈವ್. ದಾರಿಯಲ್ಲಿ ಗಂಡಗಾಯ್ ಎಂಬ ಊರಿನ ಬಳಿ ಮರದ ಕೆಳಗೆ ಕೂತು ಪುಳಿಯೋಗರೆ ತಿಂದೆವು, ಅಲ್ಲಿನ ನೊಣಗಳೂ ತಿಂದವು. ಸಂಜೆಗೆ ಮೆಲ್ಬರ್ನ್ ಹೊರವಲಯದ ಕ್ರಾನ್‌ಬರ್ನ್ ತಲುಪಿದಾಗ ವಿರುಪಾಕ್ಷನ ಮನೆ ಖಾಲಿಯಾಗಿ ನಮ್ಮನ್ನು ಕಾಯುತ್ತಿತ್ತು. ವಿರುಪಾಕ್ಷ ನನ್ನ ಇಂಜಿನಿಯರಿಂಗ್ ಗೆಳೆಯ. ಹೆಂಡತಿ ಮತ್ತು ಮಗ ಸುಘೋಷನನ್ನು ಕರೆದುಕೊಂಡು ಚಳ್ಳಕೆರೆಗೆ ಹೋಗಿದ್ದ. "ಮನೆ ನಿಂದೇ ಅಂದ್ಕೊ. ದಿನಾ ಸಂಜೆ ದೇವರಿಗೆ ದೀಪ ಹಚ್ಚು, ತುಳಸಿಗೆ ನೀರು ಹಾಕು, ಅಷ್ಟು ಸಾಕು. ದೀಪ ಮಾತ್ರ ತಪ್ಪಿಸಬೇಡ ಮಾರಾಯ" ಎಂದು ಮೂರು ಸಲ ಹೇಳಿದ್ದ.

ಬಾಗಿಲು ತೆಗೆದು ಲೈಟ್ ಹಾಕಿದೆ. ಹಾಲಿನ ಗೋಡೆಯ ಮೇಲೆ ವಿರುಪಾಕ್ಷನ ತಾಯಿ ಕಾಳಮ್ಮನವರ ದೊಡ್ಡ ಫೋಟೋ. ಅದಕ್ಕೆ ಗಂಧದ ಹಾರ!

ಸಂಯುಕ್ತಾಳ ಕೈಯಲ್ಲಿದ್ದ ಬ್ಯಾಗು ಕೆಳಗಿಳಿಯಿತು. "ರೀ... ಇವರು ಹೋಗ್ಬಿಟ್ರಾ? ನಿಮ್ಮ ಫ್ರೆಂಡು ಹೇಳಲೇ ಇಲ್ವಲ್ಲ?"

"ಅದಕ್ಕೇ ಅನ್ಸುತ್ತೆ ಊರಿಗೆ ಹೋಗಿರೋದು. ದೀಪ ತಪ್ಪಿಸಬೇಡ ಅಂತ ಅಷ್ಟೊಂದು ಹೇಳಿದ್ದೂ ಅದಕ್ಕೇ."

"ಫೋನ್ ಮಾಡಿ ಕೇಳಿ."

"ದುಃಖದಲ್ಲಿರೋನಿಗೆ ಏನಂತ ಕೇಳೋದೇ? ವಾಪಸ್ ಬಂದ್ಮೇಲೆ ಮಾತಾಡಿಸೋಣ."

ಗಂಧದ ಹಾರ ಬಿದ್ದ ಮೇಲೆ ನಮ್ಮ ಕಡೆಯವರಿಗೆ ಬೇರೆ ಡೆತ್ ಸರ್ಟಿಫಿಕೇಟ್ ಬೇಕೆ? ಇಬ್ಬರೂ ಕೈಮುಗಿದೆವು. ಫೋಟೋದ ಕಣ್ಣುಗಳು ನಾನು ಎಲ್ಲಿ ನಿಂತರೂ ನನ್ನನ್ನೇ ನೋಡುತ್ತಿದ್ದವು.

ಮರುದಿನ ಬೆಳಿಗ್ಗೆ ಹತ್ತೂವರೆ. ಸಂಯುಕ್ತಾ ಅಂಗಡಿಗೆ ಹೋಗಿದ್ದಳು, ಪ್ರಣತಿ ಇನ್ನೂ ಎದ್ದಿರಲಿಲ್ಲ. ನಾನು ವಿರುಪಾಕ್ಷನ ಡಬ್ಬಿಯಿಂದ ಆರನೇ ಚಕ್ಕುಲಿ ಮುರಿಯುತ್ತಿದ್ದೆ. ಆಗ ಹಾಲಿನಿಂದ, ಯಾರೂ ಇಲ್ಲದ ಹಾಲಿನಿಂದ, ಒಂದು ಕೆಮ್ಮು ಕೇಳಿಸಿತು.

ಮುದಿ ಕೆಮ್ಮು! ಆಮೇಲೆ ನಿಧಾನವಾಗಿ, "ಹೂಂ..."

ಹೋಗಿ ನೋಡಿದರೆ ಯಾರೂ ಇಲ್ಲ. ಫೋಟೋ ಇತ್ತು. ಫ್ರಿಜ್ಜಿನ ಸದ್ದಿರಬೇಕು ಎಂದು ರೂಟ್ ಕಾಸ್ ಬರೆದು ಕೇಸ್ ಮುಚ್ಚಿದೆ. ಆದರೆ ಉಳಿದ ಚಕ್ಕುಲಿಯನ್ನು ಹಿತ್ತಲಿಗೆ ಹೋಗಿ ತಿಂದೆ.

ಮೂರನೇ ದಿನ ಅದೇ ಹೊತ್ತಿಗೆ ಸ್ನಾನ ಮುಗಿಸಿ ಬಂದರೆ ಪ್ರಣತಿ ಆ ಫೋಟೋದ ಗೋಡೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತು ಮಾತಾಡುತ್ತಿದ್ದಾಳೆ! ಅದೂ ಕನ್ನಡದಲ್ಲಿ! ನಾವು ಗೋಗರೆದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ!

"ಯಾರ ಹತ್ರ ಮಾತಾಡ್ತಿದ್ದೆ ಪುಟ್ಟಾ?"

"ಅಜ್ಜಿ."

"ಯಾವ... ಯಾವ ಅಜ್ಜಿ?"

ಅವಳು ಫೋಟೋ ಕಡೆ ಬೆರಳು ತೋರಿಸಿದಳು. "ಶೀ ಈಸ್ ನೈಸ್. ಶೀ ಸೇಸ್ ಯು ಆರ್ ಈಟಿಂಗ್ ಆಲ್ ದ ಚಕ್ಕುಲಿ."

ಚಕ್ಕುಲಿ ವಿಷಯ ಸಂಯುಕ್ತಾಳಿಗೇ ಗೊತ್ತಿರಲಿಲ್ಲ! ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೂ ಕಿರುಚಲಿಲ್ಲ. ಒಂದು ವರ್ಷದ ನಿದ್ದೆ ಪಣಕ್ಕಿತ್ತು.

ನಾಲ್ಕನೇ ದಿನ ಫಿಲಿಪ್ ಐಲ್ಯಾಂಡಿಗೆ ಪೆಂಗ್ವಿನ್ ನೋಡಲು ಹೋದೆವು. ಆ ಪುಟಾಣಿಗಳು ಸಮುದ್ರದಿಂದ ಎದ್ದು ಬರುವುದು ಸೂರ್ಯ ಮುಳುಗಿದ ಮೇಲೆ. ನೋಡಿ ವಾಪಸ್ಸಾಗುವಷ್ಟರಲ್ಲಿ ದೀಪದ ಹೊತ್ತು ಮೀರಿತ್ತು. ಆ ದಿನ ದೀಪ ತಪ್ಪಿತು.

ಐದನೇ ದಿನ ನಲವತ್ತೊಂದು ಡಿಗ್ರಿ ಬಿಸಿಲು. ಬ್ರೈಟನ್ ಬೀಚಿನಲ್ಲಿ ಪ್ರಣತಿ ಮರಳಿನಲ್ಲಿ ನನ್ನನ್ನು ಕುತ್ತಿಗೆವರೆಗೆ ಹೂತು ಫೋಟೋ ತೆಗೆದಳು. ಮನೆಗೆ ಬಂದು, ಫೋಟೋದ ಕೆಳಗೆ, ಟಿವಿ ಪಕ್ಕದ ಶೆಲ್ಫಿನ ಮೇಲಿದ್ದ ಬಿಳಿ ಬಣ್ಣದ ಯಾವುದೋ ರೂಮ್ ಫ್ರೆಶ್ನರಿಗೆ ನನ್ನ ಒದ್ದೆ ಟೋಪಿ ತಗುಲಿಹಾಕಿದೆ. ಸಂಯುಕ್ತಾ ಸ್ನಾನಕ್ಕೆ ಹೋದಳು. ಪ್ರಣತಿ ಹಿತ್ತಲಲ್ಲಿದ್ದಳು. ಎಂಟೂವರೆ, ಮೆಲ್ಬರ್ನಿನ ಮುಸ್ಸಂಜೆ. ಆಕಾಶ ಕೆಂಪಗಿತ್ತು, ಗಾಳಿ ಸತ್ತಂತೆ ನಿಂತಿತ್ತು. ಈವತ್ತಾದರೂ ದೀಪ ತಪ್ಪಬಾರದು ಎಂದು ನಾನು ಹಾಲಿನ ಮೂಲೆಯ ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತಿದ್ದೆ.

ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿತು. ಮನೆಯ ಬಾಗಿಲುಗಳು ಒಂದಾದ ಮೇಲೊಂದು ಧಡಾರ್ ಧಡಾರ್ ಮುಚ್ಚಿಕೊಂಡವು. ಫೋಟೋದ ಹಾರ ಗೋಡೆಗೆ ಬಡಿದು ಟಕಟಕ ಅಂದಿತು. ಆಗ ನನ್ನ ಬೆನ್ನ ಹಿಂದೆ, ನಡುಗುವ ದನಿಯಲ್ಲಿ—

"ಕತ್ಲೆ... ಎಲ್ಲಾ ಕತ್ಲೆ... ಏನೂ ಕಾಣಾಕಿಲ್ಲ ಕಣಪ್ಪಾ..."

ಬೆಂಕಿಪೊಟ್ಟಣ ಕೈಯಿಂದ ಜಾರಿತು.

"ನಿನ್ನೆ ದೀಪಾನೂ ಹಚ್ಲಿಲ್ಲ..."

ಆಗ ನಾನು ಕಿರುಚಿದೆ. ಸುಳ್ಳೇಕೆ ಹೇಳಲಿ, ಆ ಕಿರುಚಾಟ ಫಿಲಿಪ್ ಐಲ್ಯಾಂಡಿನ ಪೆಂಗ್ವಿನ್‌ಗಳಿಗೂ ಕೇಳಿಸಿರಬೇಕು! ಕಿರುಚಿ ಫೋಟೋದ ಮುಂದೆ ಉದ್ದಂಡ ಬಿದ್ದೆ.

"ಅಮ್ಮಾ, ತಪ್ಪಾಯ್ತು! ಪೆಂಗ್ವಿನ್ ನೋಡೋಕೆ ಹೋಗಿದ್ವಿ! ಚಕ್ಕುಲಿ ತಿಂದಿದ್ದೂ ನಾನೇ! ಮಗುವನ್ನ ಬಿಟ್ಬಿಡಿ ತಾಯಿ! ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ!"

ಅದೇ ಮುದಿ ದನಿ ಉತ್ತರಿಸಿತು.

"ನನ್ನ ಆತ್ಮಕ್ಕೆ ಏನಾಗೈತಪ್ಪಾ? ಈಗಿನ್ನೂ ಟೀ ಕುಡ್ದು ಕುಂತಿದೀನಿ!"

ಹಿತ್ತಲಿನಿಂದ ಓಡಿಬಂದ ಪ್ರಣತಿ ನನ್ನನ್ನು ದಾಟಿ ಹೋಗಿ, ಆ ರೂಮ್ ಫ್ರೆಶ್ನರಿನ ಮೇಲಿಂದ ಟೋಪಿ ತೆಗೆದಳು. ಅದರ ಹೊಟ್ಟೆಯಲ್ಲಿ ನೀಲಿ ದೀಪ ಮಿನುಗಿತು. "ಅಜ್ಜೀ, ಈಗ ಕಾಣ್ತಾ?"

"ಹೂಂ ಕಣವ್ವಾ, ಈಗ ಕಾಣ್ತೈತೆ. ಅದ್ಯಾಕೆ ನಿಮ್ಮಪ್ಪ ನೆಲದ ಮ್ಯಾಲೆ ಈಜಾಡ್ತಾವ್ನೆ?"

ಅದು ಎರಡೂ ಕಡೆ ಮಾತು ಕೇಳಿಸುವ ಕ್ಯಾಮೆರಾ! ಚಳ್ಳಕೆರೆಯಲ್ಲಿರುವ ಕಾಳಮ್ಮನವರು ಮೊಮ್ಮಗನನ್ನು ನೋಡಲೆಂದು ಮಗ ಹಾಕಿಸಿಕೊಟ್ಟಿದ್ದು. ಈಗ ಮೊಮ್ಮಗ ಪಕ್ಕದಲ್ಲೇ ಇದ್ದರೂ ಆಯಮ್ಮನಿಗೆ ಅಭ್ಯಾಸ ಬಿಡದು. ಅಲ್ಲಿನ ಬೆಳಗಿನ ಜಾವ ಐದಕ್ಕೆ, ಅಂದರೆ ಇಲ್ಲಿನ ಹತ್ತೂವರೆಗೆ, ಎದ್ದು ಒಮ್ಮೆ, ಮಧ್ಯಾಹ್ನ ಮಲಗಿ ಎದ್ದು ಒಮ್ಮೆ, ತುಳಸಿ ಒಣಗಿದೆಯಾ, ದೀಪ ಉರಿಯುತ್ತಿದೆಯಾ ಎಂದು ಫೋನಿನಲ್ಲಿ ನೋಡಲೇಬೇಕು. ಬಾಗಿಲು ಬಡಿದದ್ದು, ಸುಡುಬಿಸಿಲಿನ ದಿನದ ಕೊನೆಗೆ ಮೆಲ್ಬರ್ನಿನಲ್ಲಿ ದಿಢೀರನೆ ಬೀಸುವ ತಣ್ಣನೆ ಗಾಳಿಗೆ.

"ಕ್ಯಾಮೆರಾ ವಿಷಯ ಹೇಳೋದೇ ಮರೆತುಬಿಟ್ಟೆ ಕಣೋ ಮನೋಜಾ!" ವಿರುಪಾಕ್ಷನ ದನಿಯೂ ಬಂತು. "ಅಂದ್ಹಾಗೆ ಶಾಂತಿ ಯಾಕೆ ಕೋರಿದ್ದು?"

ಒದ್ದೆ ಕೂದಲಲ್ಲಿ ಓಡಿಬಂದಿದ್ದ ಸಂಯುಕ್ತಾ ತಡೆದು ತಡೆದು ಹಾರದ ವಿಷಯ ಹೇಳಿದಳು. ಆ ಕಡೆ ಗುಸುಗುಸು. ಆಮೇಲೆ ಗೊತ್ತಾಯಿತು: ಹೊರಡುವ ದಿನ, ಅಜ್ಜಿ ಚೆಂದ ಕಾಣಲಿ ಎಂದು, ಗಣಪನ ಹಬ್ಬದ ಡಬ್ಬಿಯಿಂದ ಹಾರ ತೆಗೆದು ಫೋಟೋಗೆ ಹಾಕಿದ್ದು ಆರು ವರ್ಷದ ಸುಘೋಷ್. ಮೆಲ್ಬರ್ನಿನಲ್ಲೇ ಹುಟ್ಟಿದವನಿಗೆ ಹಾರದ ಅರ್ಥ ಹೇಳಿಕೊಟ್ಟವರು ಯಾರು?

ನಾನು ಕ್ಯಾಮೆರಾಕ್ಕೇ ಕೈಮುಗಿದು ಕ್ಷಮೆ ಕೇಳಿದೆ. ಬದುಕಿರುವ ತಾಯಿಗೆ ಶಾಂತಿ ಕೋರಿದ ನಾಚಿಕೆಗೆ ಕಿವಿ ಬಿಸಿಯಾಗಿತ್ತು. ಕಾಳಮ್ಮನವರು ಮಾತ್ರ ಕೆಮ್ಮು ಬರುವಷ್ಟು ನಕ್ಕರು. "ನನ್ ಕೂಸು ಹಾಕಿದ್ದು, ತೆಗೀಬ್ಯಾಡ್ರಪ್ಪ. ಮುಂದೆ ಹೆಂಗೂ ಬೇಕಾಯ್ತದೆ!"

"ಎಲ್ಲಾ ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದು ಪ್ರಣತಿಯನ್ನು ಕೇಳಿದೆ.

"ಯು ಸೆಡ್ ಫೈಂಡ್ ದ ರೂಟ್ ಕಾಸ್" ಎಂದಳು. "ಆಂಡ್ ಯು ಸ್ಕ್ರೀಮ್ಡ್ ಫಸ್ಟ್."

ಲಿವರ್‌ಪೂಲಿಗೆ ವಾಪಸ್ಸಾದ ಸಂಜೆ ಸೋಲೊಪ್ಪಿ ನನ್ನ ದಿಂಬು ಹೊತ್ತು ಚಿಕ್ಕ ರೂಮಿಗೆ ಹೋದೆ. ಹೋಗಲಿ, ಮಗಳಿಗೆ ಭಯವಿಲ್ಲವಲ್ಲ, ನಿಜಕ್ಕೂ ಹೆಮ್ಮೆ ಅನ್ನಿಸಿತ್ತು. ಯೂನಿಕಾರ್ನ್ ಹೊದಿಕೆ ಎಳೆದುಕೊಂಡೆ, ಪಾದ ಎರಡೂ ಹೊರಗುಳಿದವು. ಎದುರಿನ ಗೋಡೆ ನೋಡಿದೆ.

ಬ್ರೈಟನ್ ಬೀಚಿನಲ್ಲಿ ಕುತ್ತಿಗೆವರೆಗೆ ಹೂತ ನನ್ನ ಫೋಟೋ. ಅದಕ್ಕೆ ದೀಪಾವಳಿ ಡಬ್ಬಿಯ ಪ್ಲಾಸ್ಟಿಕ್ ಚೆಂಡುಹೂವಿನ ಹಾರ!

"ಇಟ್ ಲುಕ್ಸ್ ನೈಸ್, ನೋ ಅಪ್ಪಾ? ಕಾಳಮ್ಮಜ್ಜಿ ಥರ!"

"ಸಂಯುಕ್ತಾ!"

"ಇರ್ಲಿ ಬಿಡ್ರೀ" ಎಂದು ಅವಳು ದೊಡ್ಡ ಹಾಸಿಗೆಯಿಂದಲೇ ಕೂಗಿದಳು. "ನಿಮ್ಮ ಫೋಟೋಗಳಲ್ಲಿ ಅದೊಂದೇ ಚೆನ್ನಾಗಿ ಬಂದಿರೋದು."

ಪ್ರಣತಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳಿದಳು, "ಅಪ್ಪಾ, ಲೈಟ್ ಆಫ್ ಮಾಡ್ಲಾ?"

"ಬೇಡ ಕಂದಾ" ಎಂದೆ. "ಬಾಗಿಲೂ ಸ್ವಲ್ಪ ತೆಗೆದೇ ಇರಲಿ."