ಮಾವನ ಡಬ್ಬಿ ತಪಾಸಣೆ

ಆ ಮಧ್ಯಾಹ್ನ ರಾಣೆಬೆನ್ನೂರಿನ ಐಟಿಐ ಒಂದರ ಬೇವಿನ ಮರದ ಕೆಳಗೆ ಇದ್ದವರು ಇವರು: ಊಟದ ಡಬ್ಬಿ ಬಿಚ್ಚಿದ ಹುಡುಗರು, ತುಸು ದೂರದಲ್ಲಿ ಆ ವರ್ಷ ಅಲ್ಲಿ ಕಲಿಯುತ್ತಿದ್ದ ಒಬ್ಬಳೇ ಹುಡುಗಿ, ಬ್ಯಾಡಗಿಯ ಮದುವೆಗೆ ಮಾವನನ್ನು ಕರೆದೊಯ್ಯಲು ಬೈಕ್ ತಂದಿದ್ದ ನಾನು, ಮತ್ತು ಎಲ್ಲರ ಡಬ್ಬಿಯಲ್ಲೂ ಇಣುಕುತ್ತ ತಿರುಗುತ್ತಿದ್ದ, ಅಲ್ಲಿನ ಗುಮಾಸ್ತರಾದ ನನ್ನ ಸೋದರಮಾವ. ಪರರ ಡಬ್ಬಿ ಇಣುಕುವುದು ಸರಕಾರಿ ಕರ್ತವ್ಯ ಎಂದು ನಂಬಿದ ಇನ್ನೊಬ್ಬ ಗುಮಾಸ್ತ ಹಾವೇರಿ ಜಿಲ್ಲೆಯಲ್ಲಿದ್ದರೆ ತೋರಿಸಿ, ಅವರ ಕಾಲಿಗೆ ಬೀಳುತ್ತೇನೆ!

ಯಾಕೆ ಅಂತೀರಾ? ವರ್ಷಕ್ಕೊಮ್ಮೆ ಮೇಲಿನಿಂದ ಒಂದು ನಮೂನೆ ಬರುತ್ತದೆ. ಯಾವ ಜಾತಿಯವರು ಎಷ್ಟು, ಹುಡುಗಿಯರು ಎಷ್ಟು, ಅಂಗವಿಕಲರು ಎಷ್ಟು, ಎಲ್ಲರಿಗೂ ಸಮಾನ ಸೌಲಭ್ಯ ಇದೆಯೇ, ಭೇದಭಾವ ಕಂಡಿದೆಯೇ. ಬೇರೆಯವರಾದರೆ ಪ್ರವೇಶದ ಅರ್ಜಿ ನೋಡಿ ಅರ್ಧ ತಾಸಿನಲ್ಲಿ ತುಂಬಿ ಚಹಾಕ್ಕೆ ಹೋದಾರು. ಮಾವನಿಗೆ ಅದು ಒಗ್ಗದು.

“ಅರ್ಜ್ಯಾಗ ಜಾತಿ ಇರ್ತೈತಿ. ಯಾರು ಯಾರ ರೊಟ್ಟಿ ತಿಂತಾರ ಅನ್ನೂದು ಇರ್ತೈತೇನು?”

ಅದಕ್ಕೆಂದೇ ಅವರದೊಂದು ಸ್ವಂತ ವಹಿ. ದಿನಾ ಊಟದ ಹೊತ್ತಿಗೆ ತಪಾಸಣೆ. ಒಬ್ಬನೇ ಕೂತವನನ್ನು ಕಂಡರೆ ಎಬ್ಬಿಸಿ ಬೇರೊಂದು ಗುಂಪಿನ ನಡುವೆ ಕೂರಿಸಿ, ಇವನ ರೊಟ್ಟಿ ಅವನ ಡಬ್ಬಿಗೆ, ಅವನ ಪಲ್ಯ ಇವನ ಡಬ್ಬಿಗೆ! ನಡುವೆ ತಮಗೂ ಒಂದು ತುತ್ತು.

ಅವತ್ತು ಗುತ್ತಲದ ಹುಡುಗನ ಚಟ್ನಿಗೆ ಕೈ ಹಾಕಿದರು.

“ಖಾರ ಐತೇನೋ?”

“ಇಲ್ರಿ ಸರ್, ಬಣ್ಣ ಅಷ್ಟ. ಬ್ಯಾಡಗಿ ಕಾಯಿ.”

ಮಾವನ ಕಣ್ಣು, ಮೂಗು ಎರಡೂ ಹರಿಯತೊಡಗಿದವು.

“ಗುಂಟೂರು ಕಾಯಿನೂ ಸೇರ್ಸ್ಯಾಳ್ರಿ ಅವ್ವ. ಹೇಳೂದು ಮರ್ತೆ!”

ಮಾವ ಕಣ್ಣೊರೆಸಿಕೊಂಡು ವಹಿಯಲ್ಲಿ ಬರೆದರು: ‘ಕೂಡಿ ಬೆರೆಯುವುದು ತೃಪ್ತಿಕರ.’

ಅತ್ತೆ ಹೇಳುವುದೇ ಬೇರೆ. “ನಾ ಕಟ್ಟಿ ಕೊಟ್ಟ ರೊಟ್ಟಿ ಸಂಜಿಗೆ ಹಂಗ ವಾಪಸ್ ಬರ್ತಾವು. ಅದನ್ನ ಯಾವ ವಹ್ಯಾಗ ಬರೀತಾರೋ!”

ನಾನು ಮದುವೆಗೆ ಹೊತ್ತಾಯಿತೆಂದು ಹಾರ್ನ್ ಬಾರಿಸುವಷ್ಟರಲ್ಲಿ ಆ ಹುಡುಗಿ ಎದ್ದು ಬಂದಳು. ಕುಪ್ಪೇಲೂರಿನವಳು, ಫಿಟರ್ ಕಲಿಯುತ್ತಿದ್ದಳು. ಕೈಯಲ್ಲಿ ಅಪ್ಪನ ಸಹಿ ಇದ್ದ ಅರ್ಜಿ.

“ಟಿಸಿ ಕೊಡ್ರಿ ಸರ್. ಸಾಲಿ ಬಿಡ್ತೇನ್ರಿ.”

“ಯಾಕ ಯವ್ವಾ? ಯಾರರ ಏನರ ಅಂದ್ರೇನು?”

“ಯಾರೂ ಏನೂ ಅಂದಿಲ್ರಿ.”

ಮಾವ ವಹಿಯ ಹಾಳೆ ತಿರುವಿದರು. ಅವಳ ಹೆಸರಿನ ಮುಂದೆ ದಿನವೂ ಒಂದೇ ಮಾತು ಇತ್ತು: ‘ನೀರು ಮುಟ್ಟಿಲ್ಲ.’ ಅದನ್ನು ಬರೆದವರೇ ಅದರ ಅರ್ಥ ತಿಳಿಯದೆ ಕೂತಿದ್ದರು.

“ನಿನ್ನ ನೀರಿನ ಬಾಟ್ಲಿ ದಿನಾ ತುಂಬಿ ಬರ್ತೈತಿ, ತುಂಬಿದ್ದು ತುಂಬಿದಂಗ ಮನಿಗೆ ಹೋಗ್ತೈತಿ. ನೀರ ಯಾಕ ಕುಡ್ಯಂಗಿಲ್ಲ?”

ಹುಡುಗಿ ತಲೆ ತಗ್ಗಿಸಿದಳು. “ಕುಡದ್ರ ಎಲ್ಲಿಗೆ ಹೋಗ್ಲಿರಿ? ಉರಿ ಎದ್ದು ಎರಡ ಸಲ ದವಾಖಾನಿಗೆ ಹೋಗಿ ಬಂದೇನ್ರಿ. ಸಾಕು ಬಿಡು ಅಂದ ಅಪ್ಪ.”

“ಹುಡುಗ್ಯಾರ ಪಾಯಖಾನಿ ಐತಲ್ಲ!”

“ಕೀಲಿ ಹಾಕೇತ್ರಿ.”

“ಕೀಲಿಕೈ ಯಾರ ಹಂತೇಕ ಐತಿ?”

ಅವಳು ಮಾವನ ಪ್ಯಾಂಟಿಗೆ ತೂಗುತ್ತಿದ್ದ ಕೀಲಿಕೈ ಗೊಂಚಲನ್ನು ನೋಡಿದಳು.

ತಪಾಸಣೆಯ ಸಾಹೇಬರು ಬಂದಾಗ ಚೊಕ್ಕ ಕಾಣಲಿ ಎಂದು ಆ ಬಾಗಿಲಿಗೆ ಕೀಲಿ ಜಡಿದವರು ಮಾವನೇ. ವರ್ಷಾ ವರ್ಷಾ ನಮೂನೆಯಲ್ಲಿ ‘ಶೌಚಾಲಯ: ಇದೆ’ ಎಂದು ಬರೆದ ಕೈಯೂ ಅವರದೇ.

“ನನ್ನ ಕೇಳಬಾರದಾಗಿತ್ತೇನ ಯವ್ವಾ?”

“ಇಷ್ಟು ಗಂಡಸರ ಮುಂದ ಹ್ಯಾಂಗ ಕೇಳ್ಲಿರಿ ಸರ್?”

ಮಾವ ಅರ್ಜಿಯನ್ನು ಅವಳ ಕೈಗೇ ಮರಳಿಸಿ, “ಒಂದ ವಾರ ತಡಿ” ಎಂದರು. ಕೀಲಿ ತೆಗೆದರು. ತಾವೇ ಕೊಡ ಹೊತ್ತು ಒಳಗೆ ನೀರು ತುಂಬಿಸಿದರು. ಆಮೇಲೆ ಕಚೇರಿಗೆ ಬಂದು, ತುಂಬಿಟ್ಟಿದ್ದ ನಮೂನೆಯಲ್ಲಿ ‘ಇದೆ’ ಎಂಬುದನ್ನು ಹೊಡೆದು ಬರೆದರು: ‘ಇಂದಿನವರೆಗೆ ಇರಲಿಲ್ಲ. ತಪ್ಪು ನನ್ನದು.’ ಪ್ರಾಚಾರ್ಯರು ಕೂಗಾಡಿದರು. ಮಾವ ಆ ಹಾಳೆ ಬದಲಿಸಲಿಲ್ಲ. ಬ್ಯಾಡಗಿಯ ಮದುವೆ ನಮಗೆ ತಪ್ಪಿತು.

ಮರುವಾರ ಆ ಹುಡುಗಿ ವರ್ಕ್‌ಶಾಪಿನಲ್ಲಿ ಕಬ್ಬಿಣದ ಪಟ್ಟಿಯೊಂದನ್ನು ಅರದಿಂದ ಉಜ್ಜಿ ಚಿಲಕ ಮಾಡಿದಳು. ಅದನ್ನು ಆ ಬಾಗಿಲಿಗೆ, ಒಳಗಡೆಯಿಂದ, ತಾನೇ ಕೂರಿಸಿದಳು. ಮಧ್ಯಾಹ್ನ ಬೇವಿನ ಮರದ ಕೆಳಗೆ ಬಂದು ಕೂತು, ಬಾಟಲಿಯ ನೀರನ್ನು ಪೂರ್ತಿ ಕುಡಿದಳು.